ಹಳೆಯ ಪಿಡಿಎಫ್ ಕ್ಯಾಟಲಾಗಿನೊಳಗೆ ಚಿತ್ರ ಬದಲಿಸುವುದು: ಬಣ್ಣ ಏಕೆ ಕೆಡುತ್ತದೆ, ಲೋಗೊ ಏಕೆ ಸಿಗುವುದಿಲ್ಲ

ಪ್ರಶ್ನೆ: ನಮಸ್ಕಾರ್ರಿ ಸರ್. ಇಳಕಲ್ಲಿನಾಗ ನಮ್ಮದು ಸೀರಿ ಅಂಗಡಿ ಐತಿ. ಹಿಂದ ಪ್ರೆಸ್ಸಿನಾಗ ಮಾಡಿಸಿದ ಕ್ಯಾಟಲಾಗಿನ ಪಿಡಿಎಫ್ ನಲವತ್ತರ ಮ್ಯಾಲ ಅದಾವು. ಈಗ ಅಂಗಡಿ ಲೋಗೊ ಬದಲಾಗೇತಿ, ಯುಪಿಐ ಕ್ಯೂಆರ್ ಕೋಡೂ ಬದಲಾಗೇತಿ, ಕೆಲವು ಸೀರಿ ಫೋಟೊನೂ ಹೊಸಾವು ಹಾಕಬೇಕ್ರಿ. ಡಿಸೈನ್ ಮಾಡಿದ ಮೂಲ ಫೈಲ್ ಸಿಗವಲ್ದು. ನನಗ ಪೈಥಾನ್ ಅಷ್ಟಿಷ್ಟು ಬರತೈತಿ. ಪೈಕ್‌ಪಿಡಿಎಫ್ ಲೈಬ್ರರಿ ಹಚ್ಚಿ ಹಳೇ ಚಿತ್ರದ ಜಾಗಾದಾಗ ಹೊಸ ಜೆಪೆಗ್ ತುಂಬಿದೆ. ಚಿತ್ರ ಬದಲಾತು, ಆದ್ರ ಕೆಂಪು ಸೆರಗು ಹಸರು-ನೀಲಿ ಆಗಿ ಬಂತು. ಇನ್ನೊಂದು ಫೈಲಿನಾಗ ಲೋಗೊ ಚಿತ್ರಾನೇ ಸಿಗಲಿಲ್ಲ. ಹೆಂಗ ಮಾಡಬೇಕ್ರಿ?

ಉತ್ತರ: ನೀವು ಹಿಡಿದ ದಾರಿ ಸರಿಯಾಗಿಯೇ ಇದೆ, ಕೆಲಸ ಅರ್ಧಕ್ಕೆ ನಿಂತಿದೆ ಅಷ್ಟೆ. ಚಿತ್ರದ ದತ್ತಾಂಶ ಬದಲಾಗಿದೆ. ಆ ದತ್ತಾಂಶವನ್ನು ಹೇಗೆ ಓದಬೇಕು ಎಂದು ಹೇಳುವ ವಿವರ ಮಾತ್ರ ಹಳೆಯ ಚಿತ್ರದ್ದೇ ಉಳಿದಿದೆ. ಕೆಂಪು ಸೆರಗು ಹಸಿರು-ನೀಲಿಯಾದದ್ದು ಅದರಿಂದ. ಲೋಗೊ ಸಿಗದ ಫೈಲಿನ ಕಥೆ ಬೇರೆ. ಅಲ್ಲಿ ಲೋಗೊ ಬಹುಶಃ ಚಿತ್ರವೇ ಅಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಪಿಡಿಎಫ್ ಪುಟದಲ್ಲಿ ಕಾಣುವ ಫೋಟೊ ಎರಡು ಕಡೆ ಹಂಚಿಹೋಗಿರುತ್ತದೆ. ಒಂದು, ಚಿತ್ರದ ಆಬ್ಜೆಕ್ಟ್. ಇದಕ್ಕೆ ಫೈಲಿನೊಳಗೆ ಒಂದು ಸಂಖ್ಯೆ ಇರುತ್ತದೆ, ಅದನ್ನು ಎಕ್ಸ್‌ರೆಫ್ ಎನ್ನುತ್ತಾರೆ. ಆಬ್ಜೆಕ್ಟಿನ ತಲೆಯಲ್ಲಿ ಒಂದು ಡಿಕ್ಷನರಿ: ಅಗಲ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು, ಬಣ್ಣದ ಪದ್ಧತಿ ಯಾವುದು, ಪ್ರತಿ ಬಣ್ಣಕ್ಕೆ ಎಷ್ಟು ಬಿಟ್, ಯಾವ ಫಿಲ್ಟರಿನಿಂದ ಕುಗ್ಗಿಸಲಾಗಿದೆ ಎಂಬ ವಿವರ. ಅದರ ಕೆಳಗೆ ನಿಜವಾದ ದತ್ತಾಂಶ. ಎರಡು, ಪುಟದ ಕಂಟೆಂಟ್ ಸ್ಟ್ರೀಮ್, ಅಂದರೆ ಪುಟವನ್ನು ಬಿಡಿಸುವ ಆಜ್ಞೆಗಳ ಸರಣಿ. ಅಲ್ಲಿ ‘144 0 0 72 40 750 ಸಿಎಂ’ ಎಂಬಂಥ ಒಂದು ಸಾಲು, ಅದರ ಬೆನ್ನಿಗೇ ಚಿತ್ರದ ಹೆಸರು ಹೇಳಿ ‘ಡು’ ಎಂಬ ಆಜ್ಞೆ. ಚಿತ್ರ ಎಷ್ಟೇ ಪಿಕ್ಸೆಲ್ ಇರಲಿ, ಪಿಡಿಎಫ್ ಅದನ್ನು 1 × 1 ಅಳತೆಯ ಚೌಕವೆಂದೇ ಎಣಿಸುತ್ತದೆ. ಈ ಸಾಲು ಆ ಚೌಕವನ್ನು 144 ಪಾಯಿಂಟ್ ಅಗಲ, 72 ಪಾಯಿಂಟ್ ಎತ್ತರಕ್ಕೆ ಹಿಗ್ಗಿಸಿ, ಎಡದಿಂದ 40, ಕೆಳಗಿನಿಂದ 750 ಪಾಯಿಂಟ್ ದೂರದಲ್ಲಿ ಕೂರಿಸುತ್ತದೆ. 72 ಪಾಯಿಂಟ್ ಎಂದರೆ ಒಂದು ಇಂಚು. ಗೋಡೆಯ ಮೇಲಿನ ಕಟ್ಟು ಅಲ್ಲಾಡದೆ ಒಳಗಿನ ಫೋಟೊ ಮಾತ್ರ ಬದಲಿಸಿದ ಹಾಗೆ ಇದು. ಹೊಸ ಚಿತ್ರ ಹಳೆಯದರ ಜಾಗಕ್ಕೆ ತಾನಾಗಿ ಬಂದು ಕೂರುತ್ತದೆ, ಆದರೆ ಅಗಲ-ಎತ್ತರದ ಪ್ರಮಾಣ ಬೇರೆಯಾದರೆ ಎಳೆದ ಹಾಗೆ ಕಾಣುತ್ತದೆ.

ಹಾಗಾಗಿ ಕೋಡ್ ಬರೆಯುವುದಕ್ಕಿಂತ ಮೊದಲು ಫೈಲಿನೊಳಗೆ ಏನಿದೆ ಎಂದು ನೋಡಿ. ಪಾಪ್ಲರ್ ಎಂಬ ಪಿಡಿಎಫ್ ಉಪಕರಣಗಳ ಕಟ್ಟಿನ ಜೊತೆ ಬರುವ ಪಿಡಿಎಫ್‌ಇಮೇಜಸ್ ಎಂಬ ಆಜ್ಞೆಗೆ ‘-ಲಿಸ್ಟ್’ ಕೊಟ್ಟರೆ ಪ್ರತಿ ಚಿತ್ರದ ಪುಟ, ಅಗಲ, ಎತ್ತರ, ಬಣ್ಣದ ಪದ್ಧತಿ, ಕುಗ್ಗಿಸಿದ ವಿಧಾನ, ಆಬ್ಜೆಕ್ಟ್ ಸಂಖ್ಯೆ, ಪುಟದ ಮೇಲೆ ಇಂಚಿಗೆ ಎಷ್ಟು ಪಿಕ್ಸೆಲ್ ಬೀಳುತ್ತಿದೆ ಎಂಬುದೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತದೆ. ಟೈಪ್ ಎಂಬ ಕಾಲಮ್ಮಿನಲ್ಲಿ ‘ಇಮೇಜ್’ ಇದ್ದರೆ ಸಾಮಾನ್ಯ ಚಿತ್ರ. ‘ಎಸ್‌ಮಾಸ್ಕ್’ ಇದ್ದರೆ ಅದು ಇನ್ನೊಂದು ಚಿತ್ರದ ಪಾರದರ್ಶಕತೆಯ ಪದರ, ಅದನ್ನು ಪ್ರತ್ಯೇಕ ಚಿತ್ರವೆಂದು ತಿಳಿದು ಬದಲಿಸಹೋಗಬೇಡಿ. ‘ಸ್ಟೆನ್ಸಿಲ್’ ಇದ್ದರೆ ಒಂದೇ ಬಿಟ್ಟಿನ ಅಚ್ಚು. ಪುಟದಲ್ಲಿ ಆಗ ಚಾಲ್ತಿಯಲ್ಲಿರುವ ಬಣ್ಣ ಅದರ ಮೂಲಕ ಬೀಳುತ್ತದೆ.

ಈಗ ಸೆರಗಿನ ಬಣ್ಣ. ಪ್ರೆಸ್ಸಿಗೆಂದು ಮಾಡಿದ ಪಿಡಿಎಫ್‌ಗಳಲ್ಲಿ ಫೋಟೊಗಳು ಸಾಮಾನ್ಯವಾಗಿ ನಾಲ್ಕು ಬಣ್ಣದ ಸಿಎಂವೈಕೆ ಪದ್ಧತಿಯಲ್ಲಿರುತ್ತವೆ. ಫೋಟೊಶಾಪ್ ಸಿಎಂವೈಕೆ ಜೆಪೆಗ್ ಬರೆಯುವಾಗ ಬೆಲೆಗಳನ್ನು ತಲೆಕೆಳಗು ಮಾಡಿ ಬರೆಯುತ್ತದೆ. ಅದನ್ನು ಮತ್ತೆ ನೇರ ಮಾಡಲು ಪಿಡಿಎಫ್ ಡಿಕ್ಷನರಿಯಲ್ಲಿ ‘ಡಿಕೋಡ್’ ಎಂಬ ಸಾಲಿನಲ್ಲಿ 1 0 1 0 1 0 1 0 ಎಂದು ಇರುತ್ತದೆ. ನಿಮ್ಮ ಫೈಲಿನಲ್ಲಿ ಆಗಿರುವುದು ಎರಡರಲ್ಲಿ ಒಂದು. ಮೊಬೈಲಿನ ಮೂರು ಬಣ್ಣದ ಆರ್‌ಜಿಬಿ ಫೋಟೊ ಹಾಕಿದ್ದೀರಿ, ಹಳೆಯ ಡಿಕೋಡ್ ಸಾಲು ಹಾಗೇ ಉಳಿದು ಅದನ್ನೂ ತಿರುಗಿಸಿದೆ. ಇಲ್ಲವೇ ಹೊಸದೂ ಸಿಎಂವೈಕೆ ಜೆಪೆಗ್, ಅದಕ್ಕೆ ಬೇಕಾದ ಡಿಕೋಡ್ ಸಾಲು ಇಲ್ಲ. ಎರಡರಲ್ಲೂ ಫಲ ಹೆಚ್ಚುಕಡಿಮೆ ಒಂದೇ: ಟೋಪ್ ತೆನಿ ಸೆರಗಿನ ಕೆಂಪು ಹಸಿರು-ನೀಲಿಯಾಗುತ್ತದೆ, ಬಿಳಿ ತೆನೆ ಕಪ್ಪಾಗುತ್ತದೆ. ಇಡೀ ಚಿತ್ರ ಫೋಟೊ ನೆಗೆಟಿವ್ ಹಾಗೆ ಕಂಡರೆ ಮೊದಲು ನೋಡಬೇಕಾದದ್ದು ಈ ಸಾಲನ್ನೇ. ಬಣ್ಣ ಪೂರ್ತಿ ತಿರುಗದೆ ಚಿತ್ರವೇ ಚಿಂದಿಯಾಗಿ, ಓರೆ ಗೆರೆಗೆರೆಯಾಗಿ ಬಂದರೆ ಕಾರಣ ಬೇರೆ. ಅಲ್ಲಿ ಅಗಲದ ಸಂಖ್ಯೆ ಹಳೆಯದಿರುತ್ತದೆ, ಅಥವಾ ಮೂರು ಬಣ್ಣದ ದತ್ತಾಂಶವನ್ನು ನಾಲ್ಕು ಬಣ್ಣವೆಂದು ಓದಲಾಗುತ್ತಿರುತ್ತದೆ.

ಪೈಕ್‌ಪಿಡಿಎಫ್‌ನಲ್ಲೇ ಮುಂದುವರಿಯುವುದಾದರೆ ಹೀಗೆ ಮಾಡಿ. ಪುಟದ ಇಮೇಜಸ್ ಪಟ್ಟಿಯಿಂದ ಆಬ್ಜೆಕ್ಟನ್ನು ಹಿಡಿದು, ರೈಟ್ ಫಂಕ್ಷನ್ನಿಗೆ ಹೊಸ ಜೆಪೆಗ್‌ನ ಬೈಟುಗಳನ್ನು ಕೊಟ್ಟು, ಫಿಲ್ಟರನ್ನು ಡಿಸಿಟಿಡಿಕೋಡ್ ಎಂದು ಹೇಳಿ. ಇಲ್ಲಿಗೆ ನಿಲ್ಲಬೇಡಿ. ವಿಡ್ತ್ ಮತ್ತು ಹೈಟ್‌ಗೆ ಹೊಸ ಪಿಕ್ಸೆಲ್ ಸಂಖ್ಯೆ ಬರೆಯಿರಿ. ಕಲರ್‌ಸ್ಪೇಸ್ ಅನ್ನು ಡಿವೈಸ್‌ಆರ್‌ಜಿಬಿ ಮಾಡಿ, ಬಿಟ್ಸ್‌ಪರ್‌ಕಾಂಪೊನೆಂಟ್ 8 ಮಾಡಿ. ಡಿಕೋಡ್, ಎಸ್‌ಮಾಸ್ಕ್, ಮಾಸ್ಕ್, ಇಮೇಜ್‌ಮಾಸ್ಕ್ ಇವುಗಳಲ್ಲಿ ಯಾವುದಿದ್ದರೂ ಅಳಿಸಿ. ಎಸ್‌ಮಾಸ್ಕ್ ಉಳಿಸಿಕೊಂಡರೆ ಹೊಸ ಲೋಗೊ ಹಳೆಯ ಲೋಗೊದ ಆಕಾರದಲ್ಲಿ ಕತ್ತರಿಸಿ ಕಾಣುತ್ತದೆ. ನೋಡಿದವರಿಗೆ ಕಾರಣ ತಕ್ಷಣ ಹೊಳೆಯುವುದಿಲ್ಲ. ಹಳೆಯ ಕಲರ್‌ಸ್ಪೇಸ್ ಐಸಿಸಿ ಪ್ರೊಫೈಲಿನದಾಗಿದ್ದರೆ (ಬಣ್ಣ ಹೇಗೆ ಕಾಣಬೇಕೆಂದು ಹೇಳುವ ವಿವರ ಇದು) ಅದೂ ಹೋಗಬೇಕು. ನಾಲ್ಕು ಬಣ್ಣದ ಪ್ರೊಫೈಲು ಮೂರು ಬಣ್ಣದ ಚಿತ್ರಕ್ಕೆ ಆಗಿಬರುವುದಿಲ್ಲ.

ನಿಮ್ಮ ಕೆಲಸಕ್ಕೆ ಇದಕ್ಕಿಂತ ಹಗುರ ದಾರಿ ಪೈಮುಪಿಡಿಎಫ್ ಎಂಬ ಲೈಬ್ರರಿ. ಪಿಪ್ ಮೂಲಕ ಹಾಕಿಕೊಳ್ಳಿ. ಹಳೆಯ ಉದಾಹರಣೆಗಳಲ್ಲಿ ಇದನ್ನು ‘ಫಿಟ್ಜ್’ ಎಂಬ ಹೆಸರಿನಲ್ಲಿ ಇಂಪೋರ್ಟ್ ಮಾಡಿರುತ್ತಾರೆ, ಎರಡೂ ಒಂದೇ. ಇದರ 1.21.0 ಆವೃತ್ತಿಯಿಂದ ಪುಟಕ್ಕೆ ರಿಪ್ಲೇಸ್_ಇಮೇಜ್ ಎಂಬ ಫಂಕ್ಷನ್ ಇದೆ. ಎಕ್ಸ್‌ರೆಫ್ ಸಂಖ್ಯೆ ಕೊಟ್ಟು, ಜೊತೆಗೆ ಹೊಸ ಚಿತ್ರವನ್ನು ಫೈಲ್ ಹೆಸರು, ಬೈಟುಗಳು ಅಥವಾ ಪಿಕ್ಸ್‌ಮ್ಯಾಪ್ (ಲೈಬ್ರರಿ ಮೆಮೊರಿಯಲ್ಲಿ ಇಟ್ಟುಕೊಂಡ ಚಿತ್ರ) ಈ ಮೂರರಲ್ಲಿ ಒಂದೇ ಒಂದು ರೂಪದಲ್ಲಿ ಕೊಡಬೇಕು. ಹಳೆಯ ಆಬ್ಜೆಕ್ಟಿನ ಡಿಕ್ಷನರಿ, ದತ್ತಾಂಶ ಎರಡನ್ನೂ ಅದು ಒಟ್ಟಿಗೆ ಬದಲಿಸುವುದರಿಂದ ಮೇಲೆ ಹೇಳಿದ ಹಳೆಯ ಸಾಲುಗಳ ಕಾಟ ಇರುವುದಿಲ್ಲ. ಒಂದು ಮಾತು ನೆನಪಿರಲಿ: ಬದಲಾವಣೆ ಆ ಪುಟಕ್ಕೆ ಸೀಮಿತವಲ್ಲ. ಅದೇ ಎಕ್ಸ್‌ರೆಫ್ ಎಲ್ಲೆಲ್ಲಿ ಬಳಕೆಯಾಗಿದೆಯೋ ಅಲ್ಲೆಲ್ಲ ಹೊಸದು ಬರುತ್ತದೆ. ಪ್ರತಿ ಪುಟದ ಮೂಲೆಯಲ್ಲಿರುವ ಲೋಗೊಕ್ಕೆ ಇದು ವರ. ಒಂದೇ ಸೀರೆಯ ಫೋಟೊ ಮುಖಪುಟದಲ್ಲೂ ಒಳಪುಟದಲ್ಲೂ ಇದ್ದು, ಒಳಪುಟದಲ್ಲಿ ಮಾತ್ರ ಬದಲಿಸಬೇಕಾದರೆ ಇದೇ ತೊಡಕು. ಆಗ ಆ ಪುಟದ ರಿಸೋರ್ಸ್ ಪಟ್ಟಿಯಲ್ಲಿ (ಯಾವ ಹೆಸರು ಯಾವ ಆಬ್ಜೆಕ್ಟಿನದು ಎಂದು ಹೇಳುವ ಪಟ್ಟಿ) ಚಿತ್ರದ ಹೆಸರು ಹೊಸ ಆಬ್ಜೆಕ್ಟಿನ ಕಡೆ ತೋರಿಸುವಂತೆ ತಿದ್ದಬೇಕು. ಹಾಗೆ ತಿದ್ದುವ ಮುನ್ನ ಆ ರಿಸೋರ್ಸ್ ಪಟ್ಟಿಯೇ ಹಲವು ಪುಟಗಳಿಗೆ ಹಂಚಿಕೆಯಾಗಿದೆಯೇ ಎಂದು ನೋಡಿ. ಆಗಿದ್ದರೆ ಆ ಪುಟಕ್ಕೆಂದೇ ಪಟ್ಟಿಯ ಪ್ರತಿ ಮಾಡಿಕೊಂಡು ತಿದ್ದಿ.

ನಲವತ್ತು ಫೈಲುಗಳಲ್ಲಿ ಬದಲಿಸಬೇಕಾದ ಚಿತ್ರವನ್ನು ಗುರುತಿಸುವುದೇ ನಿಜವಾದ ಕೆಲಸ. ಎಕ್ಸ್‌ರೆಫ್ ಸಂಖ್ಯೆಯನ್ನು ಕೋಡಿನಲ್ಲಿ ಬರೆದಿಡಬೇಡಿ. ಒಂದು ಫೈಲಿನಲ್ಲಿ 17 ಇದ್ದದ್ದು ಇನ್ನೊಂದರಲ್ಲಿ 203 ಆಗಿರುತ್ತದೆ, ಅದೇ ಫೈಲನ್ನು ಮತ್ತೆ ಉಳಿಸಿದರೂ ಬದಲಾಗಬಹುದು. ಪಠ್ಯ ಹುಡುಕಿ ಪುಟ ಪತ್ತೆ ಮಾಡುವುದನ್ನೂ ನೆಚ್ಚಬೇಡಿ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕ್ಯಾಟಲಾಗಿನಲ್ಲಿ ‘ಇಳಕಲ್’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸು. ಚಿತ್ರವನ್ನು ಚಿತ್ರದಿಂದಲೇ ಗುರುತಿಸಿ. ಪುಟದ ಗೆಟ್_ಇಮೇಜ್_ಇನ್ಫೊ ಫಂಕ್ಷನ್ನಿಗೆ ಎಕ್ಸ್‌ರೆಫ್ಸ್ ಮತ್ತು ಹ್ಯಾಷಸ್ ಎರಡನ್ನೂ ಟ್ರೂ ಮಾಡಿ ಕೇಳಿದರೆ, ಪ್ರತಿ ಚಿತ್ರದ ಎಕ್ಸ್‌ರೆಫ್, ಪುಟದ ಮೇಲಿನ ಚೌಕ, ಹಿಗ್ಗಿಸುವ ಮ್ಯಾಟ್ರಿಕ್ಸ್, ಜೊತೆಗೆ ಎಂಡಿ5 ಡೈಜೆಸ್ಟ್ (ಚಿತ್ರದ ಬೆರಳಚ್ಚಿನಂಥ ಗುರುತು) ಕೊಡುತ್ತದೆ. ಹಳೆಯ ಲೋಗೊದ ಡೈಜೆಸ್ಟನ್ನು ಒಂದು ಫೈಲಿನಿಂದ ಬರೆದುಕೊಂಡು ಉಳಿದವುಗಳಲ್ಲಿ ಅದಕ್ಕೆ ಹೊಂದುವವನ್ನು ಹುಡುಕಿ. ಬೇರೆ ಬೇರೆ ವರ್ಷ ರಫ್ತಾದ ಫೈಲುಗಳಲ್ಲಿ ಅದೇ ಲೋಗೊ ಬೇರೆ ಗುಣಮಟ್ಟದಲ್ಲಿ ಕುಗ್ಗಿದ್ದರೆ ಡೈಜೆಸ್ಟ್ ಹೊಂದುವುದಿಲ್ಲ. ಅಂಥ ಕಡೆ ಪುಟದ ಮೇಲಿನ ಸ್ಥಾನ, ಅಗಲ-ಎತ್ತರದ ಪ್ರಮಾಣ ನೋಡಿ ಸಂಶಯದ ಪಟ್ಟಿ ಮಾಡಿಸಿ, ಆ ಚಿತ್ರಗಳನ್ನು ಹೊರತೆಗೆದು ಕಣ್ಣಿನಿಂದ ನೋಡಿ ಒಪ್ಪಿಗೆ ಕೊಡಿ. ಕೋಡು ತಾನೇ ತೀರ್ಮಾನಿಸಲಿ ಎಂದು ಬಿಟ್ಟರೆ ಗುಳೇದಗುಡ್ಡ ಖಣದ ಫೋಟೊ ಇರುವ ಜಾಗದಲ್ಲಿ ಲೋಗೊ ಬಂದು ಕೂತೀತು. ಹಲವು ಪಿಡಿಎಫ್ ಕೂಡಿಸಿ ಮಾಡಿದ ಫೈಲಿನಲ್ಲಿ ಒಂದೇ ಲೋಗೊ ಐದಾರು ಎಕ್ಸ್‌ರೆಫ್‌ಗಳಲ್ಲಿ ಇರುವುದೂ ಸಾಮಾನ್ಯ, ಮೊದಲನೆಯದು ಸಿಕ್ಕ ಕೂಡಲೇ ಲೂಪ್ ನಿಲ್ಲಿಸಬೇಡಿ.

ಆ ಪಟ್ಟಿಯಲ್ಲಿ ಎಕ್ಸ್‌ರೆಫ್ 0 ಎಂದು ಬಂದರೆ ಅದು ಇನ್‌ಲೈನ್ ಚಿತ್ರ. ಅದಕ್ಕೆ ಪ್ರತ್ಯೇಕ ಆಬ್ಜೆಕ್ಟ್ ಇಲ್ಲ, ದತ್ತಾಂಶ ಕಂಟೆಂಟ್ ಸ್ಟ್ರೀಮಿನ ನಡುವೆಯೇ ಇರುತ್ತದೆ, ರಿಪ್ಲೇಸ್_ಇಮೇಜ್ ಅದಕ್ಕೆ ನಡೆಯುವುದಿಲ್ಲ. ಲೋಗೊ ಆ ಪಟ್ಟಿಯಲ್ಲಿ ಬಾರದೇ ಇದ್ದರೆ, ನಿಮ್ಮ ಎರಡನೆಯ ಫೈಲಿನ ಹಾಗೆ, ಅದು ಬಹುಶಃ ಗೆರೆಗಳಿಂದ ಬರೆದ ವೆಕ್ಟರ್ ಲೋಗೊ. ಕೋರೆಲ್‌ಡ್ರಾದಲ್ಲಿ ಬಿಡಿಸಿದ ಲೋಗೊ ನೇರವಾಗಿ ಪಿಡಿಎಫ್‌ಗೆ ಬಂದರೆ ಹೀಗೇ ಇರುತ್ತದೆ: ಚಿತ್ರವಿಲ್ಲ, ರೇಖೆ-ವಕ್ರಗಳ ಆಜ್ಞೆಗಳಿವೆ. ಪಿಡಿಎಫ್ ಅನ್ನು ಶೇಕಡ 800ರಷ್ಟು ಹಿಗ್ಗಿಸಿ ನೋಡಿ. ಅಂಚು ಹರಿತವಾಗಿಯೇ ಉಳಿದರೆ ವೆಕ್ಟರ್, ಮೆಟ್ಟಿಲು ಮೆಟ್ಟಿಲಾದರೆ ಚಿತ್ರ. ಪುಟದ ಗೆಟ್_ಡ್ರಾಯಿಂಗ್ಸ್ ಫಂಕ್ಷನ್ ಕೂಡ ಆ ಜಾಗದಲ್ಲಿ ರೇಖೆಗಳಿವೆಯೇ ಎಂದು ತೋರಿಸುತ್ತದೆ.

ವೆಕ್ಟರ್ ಲೋಗೊಗೂ ಇನ್‌ಲೈನ್ ಚಿತ್ರಕ್ಕೂ ಮದ್ದು ಒಂದೇ. ಹಳೆಯದನ್ನು ಆ ಚೌಕದಿಂದ ತೆಗೆದು (ಇದಕ್ಕೆ ರಿಡ್ಯಾಕ್ಷನ್ ಎನ್ನುತ್ತಾರೆ), ಅದೇ ಚೌಕದಲ್ಲಿ ಹೊಸ ಚಿತ್ರ ಇಡಬೇಕು. ಆ್ಯಡ್_ರಿಡ್ಯಾಕ್ಟ್_ಆ್ಯನಾಟ್‌ಗೆ ಲೋಗೊದ ಸುತ್ತಲಿನ ಆಯತ ಕೊಡಿ, ಅಪ್ಲೈ_ರಿಡ್ಯಾಕ್ಷನ್ಸ್ ನಡೆಸಿ, ಆಮೇಲೆ ಇನ್ಸರ್ಟ್_ಇಮೇಜ್ ಮಾಡಿ. ಅಪ್ಲೈ_ರಿಡ್ಯಾಕ್ಷನ್ಸ್‌ನ ಗ್ರಾಫಿಕ್ಸ್ ಆಯ್ಕೆಯನ್ನು 1ರಲ್ಲೇ ಇಡಿ. ಆಗ ಆಯತದೊಳಗೆ ಪೂರ್ತಿಯಾಗಿ ಇರುವ ರೇಖೆಗಳು ಮಾತ್ರ ಹೋಗುತ್ತವೆ. 2 ಕೊಟ್ಟರೆ ಆಯತವನ್ನು ಮುಟ್ಟಿದ್ದೆಲ್ಲ ಹೋಗುತ್ತದೆ. ಪುಟದ ಸುತ್ತ ಎಳೆದ ಅಂಚೂ, ಹಿನ್ನೆಲೆಯ ಬಣ್ಣದ ಪಟ್ಟಿಯೂ ಅದರ ಜೊತೆ ಮಾಯ. ಲೋಗೊದ ಹಿಂದೆ ಸೀರೆಯ ಫೋಟೊ ಇದ್ದರೆ ಇಮೇಜಸ್ ಆಯ್ಕೆಯನ್ನು 0 ಮಾಡಿ, ಇಲ್ಲದಿದ್ದರೆ ಫೋಟೊದ ಆ ಭಾಗ ಬೆಳ್ಳಗಾಗುತ್ತದೆ. ಇನ್‌ಲೈನ್ ಚಿತ್ರವನ್ನೇ ತೆಗೆಯಬೇಕಾದ ಕಡೆ ಮಾತ್ರ ಅದು 0 ಇರಬಾರದು. ರಿಡ್ಯಾಕ್ಷನ್‌ಗೆ ಹಿನ್ನೆಲೆಯ ಬಣ್ಣ ಕೊಡದೆ ಫಿಲ್ ಅನ್ನು ಫಾಲ್ಸ್ ಮಾಡಿ, ಬಿಳಿ ತೇಪೆ ಬೀಳುವುದಿಲ್ಲ.

ಇಡೀ ಪುಟವೇ ಸ್ಕ್ಯಾನ್ ಆಗಿದ್ದರೆ ಲೋಗೊ ಬೇರೆ ಇಲ್ಲ, ಪುಟಕ್ಕೆಲ್ಲ ಒಂದೇ ದೊಡ್ಡ ಚಿತ್ರ. ಅದನ್ನು ಹೊರತೆಗೆದು ಪಿಲ್ಲೋ ಲೈಬ್ರರಿಯಲ್ಲಿ ಹೊಸ ಲೋಗೊ ಅಂಟಿಸಿ, ಆ ದೊಡ್ಡ ಚಿತ್ರವನ್ನೇ ಬದಲಿಸಿ.

ಹೊಸ ಚಿತ್ರದ ತಯಾರಿ ಅರ್ಧ ತೊಂದರೆಗಳನ್ನು ಮೊದಲೇ ಕಳೆಯುತ್ತದೆ. ಚೌಕದ ಅಳತೆ ಪಾಯಿಂಟಿನಲ್ಲಿ ಸಿಕ್ಕಿರುತ್ತದೆಯಲ್ಲ, ಅದನ್ನು 72ರಿಂದ ಭಾಗಿಸಿ, ಬೇಕಾದ ಡಿಪಿಐಯಿಂದ, ಅಂದರೆ ಇಂಚಿಗೆ ಬೇಕಾದ ಪಿಕ್ಸೆಲ್ ಸಂಖ್ಯೆಯಿಂದ, ಗುಣಿಸಿ. ಮೇಲಿನ ಉದಾಹರಣೆಯ 144 × 72 ಪಾಯಿಂಟಿನ ಲೋಗೊಕ್ಕೆ 300 ಡಿಪಿಐಯಲ್ಲಿ 600 × 300 ಪಿಕ್ಸೆಲ್ ಸಾಕು. 432 × 576 ಪಾಯಿಂಟಿನಲ್ಲಿ ಕೂತ ಸೀರೆಯ ಫೋಟೊ ವಾಟ್ಸಾಪಿನಲ್ಲಿ ಮಾತ್ರ ಹೋಗುವುದಾದರೆ 200 ಡಿಪಿಐಯಂತೆ 1200 × 1600. ಮೊಬೈಲಿನ 4000 ಪಿಕ್ಸೆಲ್ಲಿನ ಫೋಟೊ ಹಾಗೇ ತುಂಬಿದರೆ ಫೈಲಿನ ಗಾತ್ರ ಬೆಳೆಯುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣದು. ಪ್ರಮಾಣ ಹೊಂದದಿದ್ದರೆ ಎಳೆಯಬೇಡಿ. ಫೋಟೊವನ್ನು ಅದೇ ಪ್ರಮಾಣಕ್ಕೆ ಕತ್ತರಿಸಿ. ಲೋಗೊ ಆದರೆ ಅದೇ ಪ್ರಮಾಣದ ಖಾಲಿ ಹಾಳೆಯ ನಡುವೆ ಇಟ್ಟು ಕೊಡಿ. ಕತ್ತರಿಸುವಾಗ ಸೆರಗೂ ದಡಿಯೂ ತುಂಡಾಗದಂತೆ ಕೈಯಾರೆ ನೋಡಿ ಮಾಡಿ. ಗೋಮಿ ದಡಿಯೋ ಪರಾಸಪೇಟ ದಡಿಯೋ ಎಂದು ಗಿರಾಕಿ ನೋಡುವುದು ಆ ಅಂಚನ್ನೇ.

ಮೊಬೈಲ್ ಫೋಟೊಗಳಲ್ಲಿ ಇನ್ನೊಂದು ಬಲೆಯಿದೆ. ಫೋನು ಉದ್ದುದ್ದ ಹಿಡಿದು ತೆಗೆದ ಫೋಟೊದ ಪಿಕ್ಸೆಲ್‌ಗಳು ಅಡ್ಡಡ್ಡವೇ ಇರಬಹುದು. ‘ತಿರುಗಿಸಿ ತೋರಿಸು’ ಎಂಬ ಸೂಚನೆ ಎಕ್ಸಿಫ್ ಮಾಹಿತಿಯಲ್ಲಿ ಬೇರೆಯಾಗಿರುತ್ತದೆ. ಪಿಡಿಎಫ್ ಆ ಸೂಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೀರೆ ಮಲಗಿಬಿಡುತ್ತದೆ. ಪಿಲ್ಲೋದ ಇಮೇಜ್‌ಆಪ್ಸ್‌ನಲ್ಲಿರುವ ಎಕ್ಸಿಫ್_ಟ್ರಾನ್ಸ್‌ಪೋಸ್ ಮೂಲಕ ಮೊದಲೇ ನೇರ ಮಾಡಿ ಉಳಿಸಿಕೊಳ್ಳಿ. ಫೋಟೊ ಅಡ್ಡವಾಗದೆ ತಲೆಕೆಳಗಾಗಿ ಬಂದರೆ ಎಕ್ಸಿಫ್ ಕಾರಣವಲ್ಲದಿರಬಹುದು. ಕೆಲವು ಸಾಫ್ಟ್‌ವೇರ್ ಚಿತ್ರದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದು, ಕಂಟೆಂಟ್ ಸ್ಟ್ರೀಮಿನ ಸಿಎಂ ಸಾಲಿನಲ್ಲಿ ಎತ್ತರದ ಸಂಖ್ಯೆಯನ್ನು ಮೈನಸ್ ಮಾಡಿ ಸರಿದೂಗಿಸುತ್ತವೆ. ಅಲ್ಲಿ ಹೊಸ ಚಿತ್ರವನ್ನೂ ಮೇಲೆ-ಕೆಳಗೆ ಮಗುಚಿ ಕೊಡಬೇಕು.

ಬಣ್ಣಕ್ಕೆ: ಕ್ಯಾಟಲಾಗು ಫೋನಿನಲ್ಲಿ ನೋಡುವುದಕ್ಕಾದರೆ ಎಲ್ಲ ಫೋಟೊಗಳನ್ನೂ ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಪದ್ಧತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿಯೇ ಹಾಕಿ. ಮತ್ತೆ ಪ್ರೆಸ್ಸಿಗೆ ಹೋಗುವುದಾದರೆ ಪ್ರೆಸ್ಸಿನವರನ್ನು ಕೇಳಿ ಅವರ ಪ್ರೊಫೈಲಿನಂತೆ ಸಿಎಂವೈಕೆ ಮಾಡಿ. ಒಂದೇ ಕ್ಯಾಟಲಾಗಿನಲ್ಲಿ ಅರ್ಧ ಹಾಗೆ, ಅರ್ಧ ಹೀಗೆ ಇದ್ದರೆ ಪಕ್ಕಪಕ್ಕದ ಪುಟಗಳಲ್ಲಿ ಅದೇ ದಾಳಿಂಬೆ ಬಣ್ಣ ಎರಡು ಥರ ಕಾಣುತ್ತದೆ. ಸೀರೆ ಮಾರುವವರಿಗೆ ಇದು ಸಣ್ಣ ಮಾತಲ್ಲ.

ಕ್ಯೂಆರ್ ಕೋಡಿಗೆ ಜೆಪೆಗ್ ಬೇಡವೇ ಬೇಡ. ಜೆಪೆಗ್ ಕಪ್ಪು-ಬಿಳುಪಿನ ಅಂಚಿನಲ್ಲಿ ಬೂದು ಕಲೆ ಬಿಡುತ್ತದೆ, ಚಿಕ್ಕದಾಗಿ ಅಚ್ಚಾದಾಗ ಸ್ಕ್ಯಾನ್ ಆಗುವುದು ಕಷ್ಟ. ಪಿಎನ್‌ಜಿ ಕೊಡಿ, ಪೈಮುಪಿಡಿಎಫ್ ಅದನ್ನು ನಷ್ಟವಿಲ್ಲದ ಫ್ಲೇಟ್ ವಿಧಾನದಲ್ಲಿ ಇಡುತ್ತದೆ. ದೊಡ್ಡದು ಮಾಡುವಾಗ ಪ್ರತಿ ಚುಕ್ಕೆಯನ್ನೂ ಪೂರ್ಣಸಂಖ್ಯೆಯಷ್ಟೇ ಹಿಗ್ಗಿಸಿ, ನಿಯರೆಸ್ಟ್ ವಿಧಾನ ಬಳಸಿ. ಸುತ್ತಲೂ ನಾಲ್ಕು ಚುಕ್ಕೆಯಷ್ಟು ಬಿಳಿ ಜಾಗ ಚಿತ್ರದಲ್ಲೇ ಇರಬೇಕು.

ಈಗ ಉಳಿಸುವ ಹಂತ. ಇಲ್ಲಿ ದುಡ್ಡಿನ ವಿಷಯವಿದೆ, ಗಮನವಿಟ್ಟು ಓದಿ. ಪಿಡಿಎಫ್‌ಗೆ ಇನ್‌ಕ್ರಿಮೆಂಟಲ್ ಎಂಬ ಉಳಿಸುವ ಪದ್ಧತಿ ಇದೆ: ಹಳೆಯದನ್ನು ಮುಟ್ಟದೆ ಬದಲಾವಣೆಯನ್ನು ಕೊನೆಗೆ ಸೇರಿಸುತ್ತದೆ. ಹಾಗೆ ಉಳಿಸಿದರೆ ನಿಮ್ಮ ಹಳೆಯ ಕ್ಯೂಆರ್ ಕಾಣದಿದ್ದರೂ ಫೈಲಿನೊಳಗೆ ಇರುತ್ತದೆ, ಬಲ್ಲವರು ಹೊರತೆಗೆಯಬಹುದು. ಹೊಸ ಹೆಸರಿನ ಫೈಲಿಗೆ ಪೂರ್ತಿಯಾಗಿ ಉಳಿಸಿ. ಸೇವ್ ಫಂಕ್ಷನ್ನಿಗೆ ಗಾರ್ಬೇಜ್ 4, ಡಿಫ್ಲೇಟ್ ಟ್ರೂ ಕೊಡಿ. ಗಾರ್ಬೇಜ್ 4 ಯಾರೂ ಬಳಸದ ಆಬ್ಜೆಕ್ಟುಗಳನ್ನು ತೆಗೆಯುತ್ತದೆ, ಒಂದೇ ದತ್ತಾಂಶ ಎರಡು ಸಲ ಇದ್ದರೆ ಒಂದಾಗಿಸುತ್ತದೆ. ತೆರೆದಿರುವ ಅದೇ ಹೆಸರಿಗೆ ಪೂರ್ತಿ ಉಳಿಸಲು ಹೋದರೆ ಲೈಬ್ರರಿ ದೋಷ ಕೊಡುತ್ತದೆ. ಒಳ್ಳೆಯದೇ, ಮೂಲ ಫೈಲು ಉಳಿಯುತ್ತದೆ.

ಕ್ಯೂಆರ್ ಚಿತ್ರ ಬದಲಾದ ಮಾತ್ರಕ್ಕೆ ಪುಟ ಬದಲಾಗಲಿಲ್ಲ. ಅದರ ಮೇಲೆ ಒತ್ತಿದರೆ ತೆರೆಯುವ ಲಿಂಕ್ ಇದ್ದರೆ ಅದು ಚಿತ್ರದ ಭಾಗವಲ್ಲ, ಪುಟದ ಮೇಲಿನ ಪ್ರತ್ಯೇಕ ಆ್ಯನೊಟೇಶನ್. ಗೆಟ್_ಲಿಂಕ್ಸ್‌ನಿಂದ ತೆಗೆದು ನೋಡಿ, ಹಳೆಯ ವಿಳಾಸವಿದ್ದರೆ ಅಪ್‌ಡೇಟ್_ಲಿಂಕ್‌ನಿಂದ ತಿದ್ದಿ. ಕೆಳಗೆ ಅಕ್ಷರದಲ್ಲಿ ಬರೆದ ಯುಪಿಐ ಐಡಿ, ಫೋನ್ ನಂಬರುಗಳೂ ಹಾಗೆಯೇ ಬೇರೆ. ಹಳೆಯ ಖಾತೆಗೆ ಗಿರಾಕಿಯ ಹಣ ಹೋಗುವುದು ಇಂಥ ಉಳಿಕೆಗಳಿಂದಲೇ.

ಕಣ್ಣಿನಿಂದ ನಲವತ್ತು ಫೈಲು ನೋಡುವುದನ್ನು ನಂಬಬೇಡಿ, ಕೋಡಿನಿಂದಲೇ ತಾಳೆ ನೋಡಿ. ಪ್ರತಿ ಪುಟವನ್ನೂ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಗೆಟ್_ಪಿಕ್ಸ್‌ಮ್ಯಾಪ್‌ನಿಂದ 100 ಡಿಪಿಐಯಲ್ಲಿ ಚಿತ್ರ ಮಾಡಿಸಿ. ಪಿಲ್ಲೋದ ಇಮೇಜ್‌ಚಾಪ್ಸ್‌ನ ಡಿಫರೆನ್ಸ್‌ನಿಂದ ಎರಡರ ವ್ಯತ್ಯಾಸ ತೆಗೆದು, ಅದರ ಗೆಟ್‌ಬಿಬಾಕ್ಸ್ ಕೇಳಿ. ವ್ಯತ್ಯಾಸದ ಆಯತ ಬದಲಿಸಿದ ಚಿತ್ರದ ಚೌಕದೊಳಗೇ ಇರಬೇಕು. ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಹೆಚ್ಚುಕಡಿಮೆ ಬಿಡಿ. ಒಂದೇ ಪುಟದಲ್ಲಿ ಎರಡು ಚಿತ್ರ ಬದಲಿಸಿದ್ದರೆ ಆ ಎರಡು ಚೌಕಗಳನ್ನು ಎರಡೂ ಚಿತ್ರಗಳಲ್ಲಿ ಬಿಳಿ ಬಳಿದು ಹೋಲಿಸಿ, ಆಗ ವ್ಯತ್ಯಾಸ ಸೊನ್ನೆ ಬರಬೇಕು. ಚೌಕದ ಹೊರಗೆ ಏನಾದರೂ ಬದಲಾಗಿದ್ದರೆ ಆ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ ನಿಲ್ಲಿಸಿ. ವ್ಯತ್ಯಾಸವೇ ಇಲ್ಲದಿದ್ದರೆ ಬದಲಾವಣೆ ಆಗಿಲ್ಲ ಎಂದು ಅರ್ಥ, ಅದನ್ನೂ ಪಟ್ಟಿ ಮಾಡಿ. ಪೈಮುಪಿಡಿಎಫ್‌ನಲ್ಲಿ ಸರಿ ಕಂಡ ಬಣ್ಣ ಬೇರೆ ಕಡೆ ಕೆಡಬಹುದು, ಅದಕ್ಕೆ ಒಂದೆರಡು ಫೈಲನ್ನಾದರೂ ಅಡೋಬಿ ರೀಡರ್, ಕ್ರೋಮ್ ಮತ್ತು ಒಂದು ಆಂಡ್ರಾಯ್ಡ್ ಫೋನು ಮೂರರಲ್ಲೂ ತೆರೆಯಿರಿ. ಕ್ಯೂಆರನ್ನು ಪರದೆಯಿಂದಲೂ, ಅಚ್ಚು ಹಾಕಿದ ಹಾಳೆಯಿಂದಲೂ ಸ್ಕ್ಯಾನ್ ಮಾಡಿ, ಬರುವ ಹೆಸರು ನಿಮ್ಮದೇ ಎಂದು ಖಚಿತ ಮಾಡಿಕೊಳ್ಳಿ.

ಡಿಜಿಟಲ್ ಸಹಿ ಇರುವ ಪಿಡಿಎಫ್ ಏನಾದರೂ ಆ ಫೋಲ್ಡರಿನಲ್ಲಿದ್ದರೆ, ದರಪಟ್ಟಿಯೋ ಸರ್ಟಿಫಿಕೇಟೋ, ಅದನ್ನು ಈ ಕೋಡಿನಿಂದ ದೂರ ಇಡಿ. ಸಹಿ ಫೈಲಿನ ಬೈಟುಗಳ ಮೇಲೆ ನಿಂತಿರುತ್ತದೆ, ಪೂರ್ತಿ ಮರುಬರೆದ ಫೈಲಿನಲ್ಲಿ ಅದು ಮುರಿಯುತ್ತದೆ. ಸಹಿ ಮಾಡಿದವರೇ ಹೊಸ ಫೈಲಿಗೆ ಮತ್ತೆ ಸಹಿ ಹಾಕಬೇಕು. ಬೇರೆಯವರು ಕೊಟ್ಟ ದಾಖಲೆಯ ಮುದ್ರೆ, ಸಹಿಯ ಚಿತ್ರ ಬದಲಿಸುವುದಂತೂ ಅಪರಾಧ, ಅದಕ್ಕೆ ಈ ವಿಧಾನ ಬಳಸಬಾರದು.

ಈ ಕೋಡನ್ನು ನಿಮ್ಮ ಅಂಗಡಿಯ ಫೈಲುಗಳಿಗೆ ಬಳಸಲು ಅಡ್ಡಿಯಿಲ್ಲ. ಮುಂದೆ ಬೇರೆ ಅಂಗಡಿಗಳಿಗೂ ಆ್ಯಪ್ ಮಾಡಿ ಮಾರುವ ಯೋಚನೆಯಿದ್ದರೆ ಪೈಮುಪಿಡಿಎಫ್‌ನ ಪರವಾನಗಿ ಓದಿಕೊಳ್ಳಿ. ಅದು ಎಜಿಪಿಎಲ್ ಅಡಿಯಲ್ಲಿದೆ: ನಿಮ್ಮ ಕೋಡನ್ನೂ ತೆರೆದಿಡಬೇಕು, ಇಲ್ಲವೇ ವಾಣಿಜ್ಯ ಪರವಾನಗಿ ಕೊಳ್ಳಬೇಕು. ಪೈಕ್‌ಪಿಡಿಎಫ್ ಎಂಪಿಎಲ್ 2.0 ಅಡಿಯಲ್ಲಿದ್ದು ಅಷ್ಟು ಬಿಗಿಯಿಲ್ಲ. ಆಗ ಡಿಕ್ಷನರಿಯ ಸಾಲುಗಳನ್ನು ಒಂದೊಂದಾಗಿ ತಿದ್ದುವ ಮೇಲಿನ ದಾರಿಯನ್ನೇ ಹಿಡಿಯಿರಿ.